‘ಆನಿಮಾರ್ಫ್ಸ್’ ಕಥಾಮಾಲೆಯ ಮುಕ್ತಾಯ: ಒಂದು ವಿಮರ್ಶೆ

ಕೆ. ಎ. ಆಪಲ್‌ಗೇಟ್ ಅವರ ‘ಆನಿಮಾರ್ಫ್ಸ್’ ಎಂಬ ವೈಜ್ಞಾನಿಕ ಕಥಾಮಾಲೆಯು ಅಮೆರಿಕದಲ್ಲಿ 1996ರಿಂದ 2001ರವರೆಗೆ 54 ಸಂಪುಟಗಳಲ್ಲಿ ಪ್ರಕಟವಾಯಿತು. ಕಿಶೋರರಿಗಾಗಿ ಬರೆದ ಈ ಮಾಲೆಯನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಕೈಗೆತ್ತಿಕೊಂಡುದಕ್ಕೆ ಕಾರಣವುಂಟು. ಇದರ ನಿಜವಾದ ವಸ್ತು ಯುದ್ಧ.

ಅನ್ಯರ ಮಿದುಳನ್ನು ಹೊಕ್ಕು ಅವರನ್ನು ದಾಸರನ್ನಾಗಿಸುವ ‘ಯೀರ್ಕ್’ ಎಂಬ ಅನ್ಯಗ್ರಹದ ಜೀವಿಗಳು ಗುಟ್ಟಾಗಿ ಭೂಮಿಯನ್ನು ಆಕ್ರಮಿಸುತ್ತಿವೆ. ಮುಟ್ಟಿದ ಪ್ರಾಣಿಯ ರೂಪವನ್ನು ತಾಳಬಲ್ಲ ಶಕ್ತಿಯನ್ನು ಪಡೆದ ಐವರು ಮಕ್ಕಳು ಅವುಗಳನ್ನು ಎದುರಿಸುತ್ತಾರೆ. ಅವರ ನಾಯಕನಾದ ಜೇಕ್‌ನ ಅಣ್ಣ ಟಾಮ್‌ನೇ ಶತ್ರುವಶನಾಗಿದ್ದಾನೆ. ಕೊನೆಯ ಸಂಪುಟದಲ್ಲಿ, ಟಾಮ್‌ನನ್ನು ಕೊಲ್ಲಲು ಜೇಕ್ ಕಳುಹಿಸಿದ ರೇಚಲ್ ಆ ಕಾರ್ಯವನ್ನು ಮುಗಿಸಿ ತಾನೂ ಮಡಿಯುತ್ತಾಳೆ. ಇದರಿಂದ ನೊಂದ ಓದುಗರಿಗೆ ಲೇಖಕಿ ಬಹಿರಂಗ ಪತ್ರವೊಂದನ್ನು ಬರೆದು, ಯುದ್ಧಗಳು ಸುಖಾಂತವಾಗುವುದಿಲ್ಲವೆಂದು ಸಮರ್ಥಿಸಿಕೊಂಡರು. ಈ ಮಾತಿಗೆ ನಮ್ಮ ಪೂರ್ಣ ಸಮ್ಮತಿಯಿದೆ. ರೇಚಲ್‌ಳ ಸಾವು ಕಥೆಯ ದೋಷವಲ್ಲ.

ನಮ್ಮ ನಿರಾಶೆಗೆ ಕಾರಣ ಬೇರೆ. 53ನೆಯ ಸಂಪುಟದಲ್ಲಿ ಜೇಕ್, ಪ್ರತಿಭಟಿಸುವ ಶಕ್ತಿಯಿಲ್ಲದ ಹದಿನೇಳು ಸಾವಿರಕ್ಕೂ ಮಿಕ್ಕ ಯೀರ್ಕ್‌ಗಳನ್ನು ಶೂನ್ಯಾಕಾಶಕ್ಕೆ ಚೆಲ್ಲಿಸುತ್ತಾನೆ. ಯುದ್ಧಾನಂತರ ಹೇಗ್ ನಗರದಲ್ಲಿ ಶತ್ರುನಾಯಕನ ವಿಚಾರಣೆ ನಡೆದಾಗ ಈ ಕೃತ್ಯದ ಪ್ರಸ್ತಾಪ ಬರುತ್ತದೆ. ಆದರೆ ಅದಕ್ಕಾಗಿ ಜೇಕ್ ವಿಚಾರಣೆಗೆ ಗುರಿಯಾಗುವುದಿಲ್ಲ. ಅವನ ಖಿನ್ನತೆಯನ್ನು ಲೇಖಕಿ ಚೆನ್ನಾಗಿ ಚಿತ್ರಿಸಿದ್ದಾರೆ. ಅವನ ಹೊಣೆಯನ್ನು ಅಳೆಯಲು ಮಾತ್ರ ಮುಂದಾಗುವುದಿಲ್ಲ. 1948ರಲ್ಲಿ ಟೋಕಿಯೋ ವಿಚಾರಣೆಯ ಕೊನೆಗೆ ಭಾರತದ ನ್ಯಾಯಾಧೀಶರಾದ ರಾಧಾಬಿನೋದ್ ಪಾಲ್ ಅವರು ತಮ್ಮ ಭಿನ್ನ ತೀರ್ಪಿನಲ್ಲಿ ಅಣುಬಾಂಬಿನ ಪ್ರಸ್ತಾಪ ಮಾಡಿ, ಗೆದ್ದವರು ಸೋತವರನ್ನು ಮಾತ್ರ ವಿಚಾರಿಸುವ ನ್ಯಾಯವನ್ನು ಪ್ರಶ್ನಿಸಿದ್ದರು. ಅವರ ತೀರ್ಪನ್ನು ಒಪ್ಪದವರಿಗೂ ಆ ಪ್ರಶ್ನೆಯನ್ನು ಕಡೆಗಣಿಸುವುದು ಸಾಧ್ಯವಾಗಿಲ್ಲ. ಅದೇ ಪ್ರಶ್ನೆಯ ಹೊಸ್ತಿಲವರೆಗೆ ಬಂದ ಈ ಕಥೆ ಒಳಗೆ ಕಾಲಿಡದೆ ಹಿಂದಿರುಗಿತು.

ಶಾಂತಿಯ ಪ್ರಕರಣಕ್ಕೂ ಇದೇ ಗತಿಯಾಗಿದೆ. ರೂಪಾಂತರದ ಸಾಧನವು ಶತ್ರುವಿನ ಕೈಸೇರುವಂತೆ ಕ್ಯಾಸಿ ಬಿಟ್ಟುಕೊಟ್ಟುದು ಗೆಳೆಯರಿಗೆ ದ್ರೋಹವಾಗಿ ಕಂಡಿತ್ತು. ದಾಸರಿಲ್ಲದೆಯೂ ಯೀರ್ಕ್‌ಗಳು ಬೇರೆ ದೇಹದಲ್ಲಿ ಬಾಳುವ ದಾರಿ ಕೊನೆಗೆ ಆ ಸಾಧನದಿಂದಲೇ ತೆರೆಯಿತು. ದ್ರೋಹವೆನಿಸಿದ ಕಾರ್ಯವು ಸಂಧಿಗೆ ತಳಹದಿಯಾದ ಈ ಸಂಗತಿಯು ಒಂದು ಸಂಪುಟವನ್ನೇ ಬೇಡುವಂತಹುದು. ಲೇಖಕಿಯಾದರೋ ಕೆಲವೇ ಪುಟಗಳಲ್ಲಿ ಇದನ್ನು ದಾಟಿ, ಹೊಸದೊಂದು ಶತ್ರುವನ್ನು ತಂದು, ಜೇಕ್ ತನ್ನ ನೌಕೆಯನ್ನು ಶತ್ರುನೌಕೆಗೆ ಡಿಕ್ಕಿ ಹೊಡೆಸಲು ಆಜ್ಞಾಪಿಸುವಲ್ಲಿಗೆ ಕಥೆಯನ್ನು ನಿಲ್ಲಿಸಿಬಿಡುತ್ತಾರೆ.

ಯುದ್ಧಕ್ಕೆ ಕೊನೆಯಿಲ್ಲವೆಂಬುದೇ ಇದರ ಧ್ವನಿಯೆಂದು ಕೆಲವರು ಹೇಳಬಹುದು. ಆದರೆ ಯುದ್ಧ ನಿಂತ ಮೇಲೆ ಬದುಕಿ ಉಳಿದವರು ಲೆಕ್ಕ ಒಪ್ಪಿಸುವ ಕಾಲವೊಂದು ಬರುತ್ತದೆ; ಇತಿಹಾಸದಲ್ಲಿ ಅದು ಯುದ್ಧಕ್ಕಿಂತಲೂ ದೀರ್ಘವಾದುದು. ಐವತ್ತಮೂರು ಸಂಪುಟಗಳ ಕಾಲ ಯುದ್ಧದ ಬೆಲೆಯನ್ನು ಮರೆಮಾಚದೆ ಕಿಶೋರರ ಮುಂದಿಟ್ಟ ಲೇಖಕಿಯು ಈ ಕಾಲವನ್ನೂ ತೋರಿಸಬಹುದಾಗಿತ್ತು. ಆ ಸಾಮರ್ಥ್ಯ ಅವರಿಗಿತ್ತೆಂಬ ನಂಬಿಕೆಯೇ ನಮ್ಮ ನಿರಾಶೆಗೆ ಮೂಲ.