ಮಗ್ಗುಲು ಹೊರಳಿಸುವ ಕಲೆ

ಹಾಸಿಗೆ ಹಿಡಿದ ರೋಗಿಯ ಶುಶ್ರೂಷೆಯಲ್ಲಿ ಮನೆಯವರು ಕಲಿಯಬೇಕಾದ ವಿದ್ಯೆಗಳು ಹಲವಿದ್ದರೂ, ನೋಯಿಸದೆ ಮಗ್ಗುಲು ಹೊರಳಿಸುವ ಕಲೆಯಷ್ಟು ನನ್ನ ಮೆಚ್ಚುಗೆಗೆ ಪಾತ್ರವಾದುದು ಬೇರೊಂದಿಲ್ಲ. ಅನುಭವಸ್ಥಳಾದ ದಾದಿಯು ಮನೆಯ ಸೊಸೆಗೆ ಇದನ್ನು ಕಲಿಸುವುದನ್ನು ನೋಡಬೇಕು: "ಅಜ್ಜಾ, ಈಗ ಬಲ ಮಗ್ಗುಲಿಗೆ ಹೊರಳೋಣ" ಎಂದು ಮೊದಲೇ ತಿಳಿಸಿ, ಆಚೆಬದಿಯ ಮೊಣಕಾಲನ್ನು ಮಡಿಸಿ, ಒಂದು ಕೈಯನ್ನು ಭುಜದ ಮೇಲೂ ಇನ್ನೊಂದನ್ನು ಸೊಂಟದ ಮೇಲೂ ಇರಿಸಿ, ದೇಹವನ್ನು ಎಳೆಯದೆ ಮೆಲ್ಲನೆ ತನ್ನತ್ತ ಉರುಳಿಸಿಕೊಳ್ಳುವಳು, ಬೆನ್ನಿಗೊಂದು ದಿಂಬನ್ನು ಒತ್ತುಕೊಟ್ಟು, ಮೊಣಕಾಲುಗಳ ನಡುವೆ ಮತ್ತೊಂದನ್ನಿಟ್ಟು, ಹಿಮ್ಮಡಿಯು ಹಾಸಿಗೆಗೆ ತಾಕದಂತೆ ಮೀನಖಂಡದ ಕೆಳಗೆ ಮಡಿಸಿದ ಹೊದಿಕೆಯನ್ನು ಸೇರಿಸುವಳು. ಎಳೆದರೆ ಚರ್ಮವು ಹಾಸಿಗೆಗೆ ಅಂಟಿ ನಿಂತು, ಒಳಗಿನ ಮೂಳೆ ಮಾತ್ರ ಸರಿದು, ನಡುವಣ ಸೂಕ್ಷ್ಮ ರಕ್ತನಾಳಗಳು ತಿರುಚಿಕೊಳ್ಳುತ್ತವೆ. ಹಾಸಿಗೆ ಹುಣ್ಣಿಗೆ ಅದೂ ಒಂದು ಮೂಲ. ಸಾಮಾನ್ಯವಾಗಿ 2 ಗಂಟೆಗೊಮ್ಮೆ, ರಾತ್ರಿಯೂ, ಮಗ್ಗುಲು ಬದಲಿಸುವುದು ರೂಢಿ. ಆ ನಿದ್ದೆಗೆಟ್ಟ ನಿಷ್ಠೆ ಎಷ್ಟು ಮನೆಗಳಲ್ಲಿ ಯಾರ ಗಮನಕ್ಕೂ ಬಾರದೆ ನಡೆದಿದೆಯೋ! ಹೊರಳಿಸಿದಾಗಲೆಲ್ಲ ದಾದಿಯು ಬೆನ್ನಿನ ಕೆಳತುದಿಯಲ್ಲಿ ಕೆಂಪೇರಿದ ಎಡೆಯನ್ನು ಬೆರಳಿನಿಂದ ಒತ್ತಿನೋಡುವಳು. ಒತ್ತಿದರೂ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದನ್ನು ಉಜ್ಜಲಾಗದು, ಅದರ ಮೇಲೆ ಭಾರ ಬೀಳಗೊಡಲಾಗದು, ವೈದ್ಯರಿಗೆ ತಿಳಿಸಲೇಬೇಕು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿದ್ದಾಗ, ಆ ಜಾಗ ಸುತ್ತಲಿಗಿಂತ ಬಿಸಿಯೋ ಗಡುಸೋ ಎಂಬುದನ್ನು ಕೈಯಿಂದಲೇ ಅರಿಯಲು ಅವಳು ಸೊಸೆಗೆ ಕಲಿಸುವಳು.