‘ಯದ್ವಾತದ್ವಾ’ ಮತ್ತು ‘ಹುಚ್ಚಾಪಟ್ಟೆ’: ಸಮಾನಾರ್ಥಕತೆಯ ಗ್ರಹಿಕೆಗೊಂದು ವಿಮರ್ಶೆ

ಅಂಕೆಮೀರಿದ ವರ್ತನೆಯನ್ನು ಸೂಚಿಸುವ ‘ಯದ್ವಾತದ್ವಾ’ ಮತ್ತು ‘ಹುಚ್ಚಾಪಟ್ಟೆ’ ಎಂಬ ಕ್ರಿಯಾವಿಶೇಷಣಗಳನ್ನು ಸಮಾನಾರ್ಥಕಗಳೆಂದು ಭಾವಿಸಿ, ಎರಡಕ್ಕೂ ‘ಹುಚ್ಚುಹುಚ್ಚಾಗಿ’ ಎಂದು ಅರ್ಥ ಹೇಳುವ ರೂಢಿಯಿದೆ. ಈ ಸಮೀಕರಣವು ಎರಡೂ ಪದಗಳಿಗೆ ನ್ಯಾಯ ಒದಗಿಸುವುದಿಲ್ಲವೆಂಬುದು ನಮ್ಮ ವಾದ. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಜೀವನಕ್ಕೆ ಹೊಂದುವ ವಾಕ್ಯಗಳನ್ನು ನಾವು ಪರೀಕ್ಷೆಗೆ ರಚಿಸಿಕೊಂಡಿದ್ದೇವೆ. ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳಗಳು ಮನೆಮಾತಾಗಿರುವ ಇಲ್ಲಿ ಬರಹದ ಕನ್ನಡವನ್ನು ಹಲವರು ಶಾಲೆಯಲ್ಲಿ ಕಲಿಯುತ್ತಾರೆ. ಆದ್ದರಿಂದ ಅರ್ಥವಿವರಣೆಯ ದೋಷ ಬಳಕೆಗೂ ದಾಟಬಲ್ಲದು.

(1) ಅ. ಅವಳಿಗೆ ಯಕ್ಷಗಾನವೆಂದರೆ ಹುಚ್ಚಾಪಟ್ಟೆ ಇಷ್ಟ.
ಆ. *ಅವಳಿಗೆ ಯಕ್ಷಗಾನವೆಂದರೆ ಯದ್ವಾತದ್ವಾ ಇಷ್ಟ.

(2) ಅ. ಅಂಗಳದಲ್ಲಿ ಅಡಿಕೆಯನ್ನು ಯದ್ವಾತದ್ವಾ ಹರಡಿದ್ದಾರೆ.
ಆ. ಅಂಗಳದಲ್ಲಿ ಅಡಿಕೆಯನ್ನು ಹುಚ್ಚಾಪಟ್ಟೆ ಹರಡಿದ್ದಾರೆ.

(2ಅ) ಓರಣವಿಲ್ಲದಿರುವುದನ್ನು ಹೇಳಿದರೆ (2ಆ) ಅಡಿಕೆಯ ಪ್ರಮಾಣವನ್ನು ಹೇಳುತ್ತದೆ. ಮೊದಲನೆಯದು ‘ಹೇಗೆ’ ಎಂಬ ಪ್ರಶ್ನೆಗೆ, ಎರಡನೆಯದು ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ. ಕ್ರಮವನ್ನು ಅಪೇಕ್ಷಿಸದ ‘ಇಷ್ಟ’ದೊಡನೆ ‘ಯದ್ವಾತದ್ವಾ’ ಸೇರದಿರುವುದಕ್ಕೆ ಇದೇ ಕಾರಣ. ಸಂಸ್ಕೃತದ ‘ಯದ್ ವಾ ತದ್ ವಾ’ (ಇದೋ ಅದೋ) ಎಂಬ ಮೂಲದಲ್ಲಿಯೂ ಇರುವುದು ಆಯ್ಕೆಯ ಅಭಾವವೇ ಹೊರತು ಹುಚ್ಚಲ್ಲ. ‘ಹುಚ್ಚಾಪಟ್ಟೆ’ಯಲ್ಲಿ ‘ಹುಚ್ಚು’ ರೂಪತಃ ಉಳಿದಿದ್ದರೂ (1ಅ) ಯಾರಿಗೂ ಹುಚ್ಚನ್ನು ಆರೋಪಿಸುವುದಿಲ್ಲ.

‘ಬೆಲೆ ಯದ್ವಾತದ್ವಾ ಏರಿದೆ’ ಎಂಬ ಪ್ರಯೋಗವನ್ನು ಇದಕ್ಕೆ ಆಕ್ಷೇಪವಾಗಿ ಒಡ್ಡಬಹುದು. ಅಲ್ಲಿಯ ಮೂಲಾರ್ಥ ‘ಲಂಗುಲಗಾಮಿಲ್ಲದೆ’ ಎಂಬುದು; ಪ್ರಮಾಣದ ಅರ್ಥ ಅದರಿಂದ ಫಲಿಸಿದ್ದು. ಚಲನಾರ್ಥಕ ಕ್ರಿಯಾಪದಗಳೊಡನೆ ಎರಡೂ ಪದಗಳು ಸಲ್ಲುವುದರಿಂದ ಸಮಾನಾರ್ಥಕತೆಯ ಭ್ರಮೆ ಬಲಗೊಳ್ಳುತ್ತದೆ. ಆದರೆ ದಿಕ್ಕನ್ನು ನಿಶ್ಚಿತಗೊಳಿಸಿದೊಡನೆ ಭೇದ ಸ್ಪಷ್ಟವಾಗುತ್ತದೆ.

(3) ಅ. ಆನೆ ತೋಟದಿಂದ ನೇರವಾಗಿ ಕಾಡಿನತ್ತ ಹುಚ್ಚಾಪಟ್ಟೆ ಓಡಿತು.
ಆ. *ಆನೆ ತೋಟದಿಂದ ನೇರವಾಗಿ ಕಾಡಿನತ್ತ ಯದ್ವಾತದ್ವಾ ಓಡಿತು.

ಈ ಭೇದ ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. 2023ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಇಂತಹ ಪ್ರದೇಶದಲ್ಲಿ ಆನೆಯ ಓಟವನ್ನು ವರದಿ ಮಾಡುವಾಗ ‘ಯದ್ವಾತದ್ವಾ’ ಎಂದರೆ ಅದು ಯಾವ ಕಡೆಗಾದರೂ ನುಗ್ಗೀತೆಂಬ ಸೂಚನೆ. ‘ಹುಚ್ಚಾಪಟ್ಟೆ’ ಎಂದರೆ ವೇಗದ ಸೂಚನೆ ಮಾತ್ರ. ಎರಡನ್ನೂ ‘ಹುಚ್ಚುಹುಚ್ಚಾಗಿ’ ಎಂದು ಅರ್ಥೈಸಿದರೆ ದಿಕ್ಕಿನ ಮಾಹಿತಿ ಅಳಿದು, ಆನೆಗೆ ಮದವೇರಿತ್ತೆಂಬ ಆಧಾರರಹಿತ ತೀರ್ಪು ಉಳಿಯುತ್ತದೆ.

ದೈವಾರಾಧನೆಯ ಸಂದರ್ಭ ಈ ವಾದಕ್ಕೆ ಇನ್ನೊಂದು ಒರೆಗಲ್ಲು. ದರ್ಶನ ಬಂದ ಪಾತ್ರಿಯ ಆವೇಶ ಎಷ್ಟೇ ಉಗ್ರವಾಗಿದ್ದರೂ ಅದನ್ನು ‘ಯದ್ವಾತದ್ವಾ’ ಎನ್ನುವುದು ಅನುಚಿತ. ಆವೇಶಕ್ಕೂ ಕಟ್ಟುಕಟ್ಟಳೆಯಿದೆ, ಪದ ನಿರಾಕರಿಸುವುದು ಆ ಕಟ್ಟಳೆಯನ್ನೇ. ಉನ್ಮಾದವೇ ಈ ಪದದ ಅರ್ಥವಾಗಿದ್ದರೆ ಅತ್ಯಂತ ಸಹಜವಾಗಿ ಒಪ್ಪಬೇಕಾಗಿದ್ದ ಕಡೆಯಲ್ಲಿಯೇ ಅದು ಒಪ್ಪುವುದಿಲ್ಲ.

ಆದ್ದರಿಂದ ನಿಘಂಟುಗಳು ‘ಯದ್ವಾತದ್ವಾ’ವನ್ನು ಕ್ರಮಾಭಾವಸೂಚಕವೆಂದೂ ‘ಹುಚ್ಚಾಪಟ್ಟೆ’ಯನ್ನು ಪ್ರಮಾಣಾಧಿಕ್ಯಸೂಚಕವೆಂದೂ ಬೇರ್ಪಡಿಸಿ, ಪ್ರತಿಯೊಂದಕ್ಕೂ ಸಲ್ಲುವ ಕ್ರಿಯಾಪದಗಳ ನಿದರ್ಶನ ಕೊಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ‘ಎರ್ರಾಬಿರ್ರಿ’, ‘ಹಿಗ್ಗಾಮುಗ್ಗಾ’ಗಳನ್ನೂ ಇದೇ ಪರೀಕ್ಷೆಗೆ ಒಳಪಡಿಸಬಹುದು.