ಗೂಗಿಯವರ ಭಾಷಾನಿರ್ಧಾರ: ಒಂದು ಪರಿಶೀಲನೆ

ಕೆನ್ಯಾ ದೇಶದ ಕಾದಂಬರಿಕಾರರಾದ ಗೂಗಿ ವಾ ಥಿಯಾಂಗೊ (1938-2025) ಅವರು ಇಂಗ್ಲಿಷಿನಲ್ಲಿ ಕೀರ್ತಿಯನ್ನು ಸಂಪಾದಿಸಿದ ಮೇಲೆ ತಮ್ಮ ತಾಯ್ನುಡಿಯಾದ ಗಿಕುಯುವಿಗೆ ಮರಳಿದರೆಂಬುದು ಸರ್ವವಿದಿತವಾದ ಸಂಗತಿ. ವಸಾಹತು ಆಳ್ವಿಕೆಯಿಂದ ಬಿಡುಗಡೆ ಹೊಂದಿದ ನಾಡುಗಳ ಸಾಹಿತ್ಯವನ್ನು ಕುರಿತು ಬರೆಯುವವರು ಇದನ್ನು ಮಾತೃಭಾಷಾಪ್ರೇಮದ ಉಜ್ವಲ ನಿದರ್ಶನವೆಂದು ಕೊಂಡಾಡುವುದು ವಾಡಿಕೆಯಾಗಿದೆ. ಈ ಕೊಂಡಾಟದಲ್ಲಿ ಆ ನಿರ್ಧಾರದ ತಿರುಳೇ ಮರೆಯಾಗುವ ಸಂಭವವುಂಟು. ಯಾವ ಭಾಷೆಯಲ್ಲಿ ಬರೆದರೆಂಬುದಕ್ಕಿಂತ ಯಾರ ಎದುರಿನಲ್ಲಿ ಬರೆದರೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

1977ನೆಯ ಇಸವಿಯ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆ ವರ್ಷದ ಜುಲೈ ತಿಂಗಳಲ್ಲಿ ಅವರ ‘ಪೆಟಲ್ಸ್ ಆಫ್ ಬ್ಲಡ್’ ಎಂಬ ಇಂಗ್ಲಿಷ್ ಕಾದಂಬರಿ ಹೊರಬಂದಿತು. ಸ್ವಾತಂತ್ರ್ಯದ ಫಲವನ್ನು ಕೆಲವೇ ಮಂದಿ ನುಂಗಿ ಕುಳಿತ ಬಗೆಯನ್ನು, ಇಲ್ಮೊರೊಗ್ ಎಂಬ ಬರಪೀಡಿತ ಗ್ರಾಮವು ಪಟ್ಟಣವಾಗುತ್ತ ತನ್ನವರನ್ನೇ ಹೊರಗಟ್ಟಿದ ಬಗೆಯನ್ನು ಅದು ಕಟುವಾಗಿ ಚಿತ್ರಿಸುತ್ತದೆ. ಸರಕಾರವು ಸಿಟ್ಟಾಗಲಿಲ್ಲ, ಅಂದಿನ ಅರ್ಥಸಚಿವರಾದ ಮ್ವಾಯ್ ಕಿಬಾಕಿಯವರೇ ಗ್ರಂಥವನ್ನು ಬಿಡುಗಡೆ ಮಾಡಿದರು. ಅದೇ ವರ್ಷ ಅಕ್ಟೋಬರ್ 2ರಂದು ಲಿಮುರುವಿನ ಬಳಿಯ ಕಮಿರೀಥು ಗ್ರಾಮದಲ್ಲಿ, ಗೂಗಿ ವಾ ಮಿರಿಯಿ ಅವರೊಡಗೂಡಿ ರಚಿಸಿದ ‘ಬೇಕೆಂದಾಗ ಮದುವೆಯಾಗುವೆನು’ ಎಂಬರ್ಥದ ಹೆಸರಿನ ಗಿಕುಯು ನಾಟಕವು ಪ್ರಯೋಗವಾಯಿತು. ಕಿಗೂಂಡ ಎಂಬ ಕೂಲಿಗಾರನಿಗೆ ಇರುವುದು ಒಂದೂವರೆ ಎಕರೆ ನೆಲ. ಅದರ ಹಕ್ಕುಪತ್ರವನ್ನು ಗೋಡೆಗೆ ತೂಗುಹಾಕಿಕೊಂಡಿದ್ದಾನೆ. ಸಿರಿವಂತ ಯಜಮಾನನ ಮಾತಿಗೆ ಮರುಳಾಗಿ, ಕುಲಾಚಾರದಂತೆ ಆಗಲೇ ಮದುವೆಯಾಗಿದ್ದ ಹೆಂಡತಿಯನ್ನು ಚರ್ಚಿನಲ್ಲಿ ಮತ್ತೆ ಮದುವೆಯಾಗಲೆಂದು ಆ ನೆಲವನ್ನು ಬ್ಯಾಂಕಿಗೆ ಅಡವಿಟ್ಟು, ಕಡೆಗೆ ಕಳೆದುಕೊಳ್ಳುತ್ತಾನೆ. ವಿಚಾರದಲ್ಲಿ ಕಾದಂಬರಿಗೂ ನಾಟಕಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ. ಆದರೆ ನಾಟಕವನ್ನು ಆಡಿದವರು ರೈತರು, ಚಹಾ ತೋಟದ ಆಳುಗಳು, ಕಾರ್ಖಾನೆಯ ಕೂಲಿಕಾರರು. ಬಯಲು ರಂಗಸ್ಥಳವನ್ನು ಕಟ್ಟಿದವರೂ ಅವರೇ. ಹಿರಿಯನಾದವನು ಹೀಗೆ ಮಾತನಾಡನೆಂದು, ಈ ಹಾಡಿನ ಕ್ರಮ ಇದಲ್ಲವೆಂದು ಅವರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರನ್ನು ತಿದ್ದಿದರು. ನವೆಂಬರ್ 16ರಂದು ಪರವಾನಗಿ ರದ್ದಾಯಿತು. ಡಿಸೆಂಬರ್ ಕೊನೆಯ ರಾತ್ರಿಗಳಲ್ಲೊಂದರಲ್ಲಿ ಗೂಗಿಯವರ ಬಂಧನವಾಯಿತು. 1978ರ ಡಿಸೆಂಬರಿನವರೆಗೆ ವಿಚಾರಣೆಯಿಲ್ಲದೆಯೇ ಅವರನ್ನು ಕಮಿಟಿ ಸೆರೆಮನೆಯಲ್ಲಿ ಇರಿಸಲಾಯಿತು.

ಬ್ರಿಟಿಷರು 1957ರಲ್ಲಿ ದೇದಾನ್ ಕಿಮಾಥಿಯನ್ನು ಗಲ್ಲಿಗೇರಿಸಿದ ಸೆರೆಮನೆ ಇದೇ. ವಿಚಾರಣೆಯಿಲ್ಲದೆ ಕೂಡಿಹಾಕುವ ಅಧಿಕಾರವೂ ಅವರ ಕಾಲದ ತುರ್ತು ಆಡಳಿತದಿಂದ ಬಂದ ಬಳುವಳಿ. ಅದನ್ನು ಈಗ ಪ್ರಯೋಗಿಸಿದವರು ಬ್ರಿಟಿಷರಿಂದಲೇ ಸೆರೆವಾಸ ಅನುಭವಿಸಿದ್ದ ಜೋಮೊ ಕೆನ್ಯಾಟಾ ಅವರ ಸರಕಾರದವರು. ಆಳುವವರು ಭಾಷಾಶಾಸ್ತ್ರಜ್ಞರಾಗಿರಲಿಲ್ಲ, ಆದರೂ ಇಂಗ್ಲಿಷಿನ ಟೀಕೆಯು ಓದಿದವರ ವಲಯವನ್ನು ದಾಟದೆಂಬುದನ್ನು ಅವರು ಅನೇಕ ವಿಮರ್ಶಕರಿಗಿಂತ ಚೆನ್ನಾಗಿ ಅರಿತಿದ್ದರು.

ಸೆರೆಮನೆಯಲ್ಲಿ ಶೌಚಕ್ಕೆಂದು ಕೊಟ್ಟ ಕಾಗದದ ಮೇಲೆ ಬರೆದು 1980ರಲ್ಲಿ ಪ್ರಕಟವಾದ ‘ಶೈತಾನಿ ಮುಥರಬಾ-ಇನಿ’ (ಶಿಲುಬೆಯ ಮೇಲಿನ ಸೈತಾನ) ಅವರ ಮೊದಲ ಗಿಕುಯು ಕಾದಂಬರಿ. ಗಿಶಾಂದಿ ಎಂಬ ಸೋರೆಬುರುಡೆಯ ವಾದ್ಯದೊಡನೆ ಹಾಡುವ ಗಾಯಕನು ಇದರ ನಿರೂಪಕ. ಕಳ್ಳರೂ ದರೋಡೆಗಾರರೂ ಸೇರಿ ತಮ್ಮತಮ್ಮ ಚಾತುರ್ಯವನ್ನು ವಿದೇಶೀ ಅತಿಥಿಗಳೆದುರು ಬಣ್ಣಿಸಿಕೊಳ್ಳುವ ಸ್ಪರ್ಧೆಯ ಪ್ರಕರಣಗಳು ಗದ್ಯದಲ್ಲಿ ನಡೆಯುವ ಬಯಲಾಟದಂತಿವೆ. ಈ ಗ್ರಂಥವನ್ನು ಮನೆಗಳಲ್ಲಿ, ಬಾಡಿಗೆ ಬಂಡಿಗಳಲ್ಲಿ, ಹೆಂಡದಂಗಡಿಗಳಲ್ಲಿ ಒಬ್ಬನು ಓದಿ ಹತ್ತು ಜನರು ಕೇಳಿದರೆಂದು ಗೂಗಿಯವರು ತಿಳಿಸುತ್ತಾರೆ. ಜಗಲಿಯ ಮೇಲೆ ಕುಮಾರವ್ಯಾಸನನ್ನು ಓದಿಸಿ ಕೇಳಿದ ಜನಕ್ಕೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಗ್ರಂಥದ ಹೆಸರೂ ಗಮನಾರ್ಹವಾದುದು. ಅದರ ಎರಡು ಶಬ್ದಗಳೂ ಅರಬ್ಬೀ ಮೂಲದವು. ಸ್ವಾಹಿಲಿಯ ಮೂಲಕ ಗಿಕುಯುವಿಗೆ ಬಂದವು. ಕನ್ನಡದ ‘ಸೈತಾನ’, ‘ಶಿಲುಬೆ’ಗಳೂ ಹೊರಗಿನಿಂದ ಬಂದ ಶಬ್ದಗಳೇ. ತಾಯ್ನುಡಿಯೆಂದರೆ ಬೆರಕೆಯಿಲ್ಲದ ನುಡಿಯೆಂದು ಗೂಗಿಯವರ ಸೃಜನಕೃತಿ ಎಲ್ಲಿಯೂ ಹೇಳುವುದಿಲ್ಲ.

ಆದರೆ 1986ರಲ್ಲಿ ಪ್ರಕಟವಾದ ಅವರ ‘ಡಿಕಾಲನೈಸಿಂಗ್ ದ ಮೈಂಡ್’ ಗ್ರಂಥದ ಸಿದ್ಧಾಂತಭಾಗವು ಈ ಎಚ್ಚರವನ್ನು ಸಡಿಲಿಸುತ್ತದೆ. ಭಾಷೆಯು ಸಂಸ್ಕೃತಿಯ ವಾಹಕವೆಂಬ ಮಾತು ನಿಜವಿರಬಹುದು. ನಲವತ್ತಕ್ಕೂ ಹೆಚ್ಚು ನುಡಿಗಳಿರುವ ಕೆನ್ಯಾದಲ್ಲಿ ಅದೊಂದೇ ಸಾಲದು. ಗಿಕುಯು ಪ್ರಥಮ ರಾಷ್ಟ್ರಾಧ್ಯಕ್ಷರ ಜನಾಂಗದ ನುಡಿ. ಲುವೊ ಅಥವಾ ಮಸಾಯಿ ಜನರಿಗೆ ಅದು ತಮ್ಮದಾಗುವುದು ಹೇಗೆ? ನೈಜೀರಿಯದ ಚಿನುವ ಅಚೆಬೆಯವರು ಇಂಗ್ಲಿಷನ್ನು ಸಮರ್ಥಿಸಿದ್ದು ದೇಶದ ನಾನಾ ಜನಾಂಗಗಳು ಪರಸ್ಪರ ಮಾತನಾಡಬೇಕೆಂಬ ಕಾರಣದಿಂದ. ಇದಕ್ಕೆ ಗೂಗಿಯವರು ಕೊಟ್ಟ ಉತ್ತರ, ಆಫ್ರಿಕದ ನುಡಿಗಳು ತಮ್ಮೊಳಗೆ ಅನುವಾದಗೊಳ್ಳಲಿ ಎಂಬುದು. ಉತ್ತರ ಸರಿಯಾದುದೇ, ಆದರೆ ಅನುವಾದಕರನ್ನೂ ಮುದ್ರಕರನ್ನೂ ಪಾಠಶಾಲೆಗಳನ್ನೂ ಒದಗಿಸುವವರು ಯಾರೆಂಬ ಚರ್ಚೆಗೆ ಆ ಗ್ರಂಥದಲ್ಲಿ ಸಾಕಷ್ಟು ಎಡೆಯಿಲ್ಲ. ಕಮಿರೀಥುವಿನ ಅನುಭವವನ್ನು ವರ್ಣಿಸುವ ಪುಟಗಳೇ ಅದರ ಅತ್ಯುತ್ತಮ ಭಾಗ.

1982ರಲ್ಲಿ ಪೊಲೀಸರು ಆ ರಂಗಸ್ಥಳವನ್ನು ಕೆಡವಿದರು. ಅದೇ ವರ್ಷದಿಂದ ಗೂಗಿಯವರು ಪರದೇಶವಾಸಿಗಳಾದರು. ‘ಮತಿಗಾರಿ’ ಕಾದಂಬರಿಯು 1986ರಲ್ಲಿ ಬಂದಾಗ, ಅದರ ನಾಯಕನು ನಾಡಿನಲ್ಲಿ ಸಂಚರಿಸುತ್ತಿದ್ದಾನೆಂಬ ವದಂತಿಯನ್ನು ನಂಬಿ ಅಧಿಕಾರಿಗಳು ಅವನ ಬಂಧನಕ್ಕೆ ಹೊರಟರೆಂದೂ, ಅವನು ಕಥಾಪಾತ್ರವೆಂದು ತಿಳಿದ ಮೇಲೆ ಗ್ರಂಥವನ್ನೇ ಅಂಗಡಿಗಳಿಂದ ಹೊತ್ತೊಯ್ದರೆಂದೂ ಗೂಗಿಯವರು ಬರೆದಿದ್ದಾರೆ. ಮುಂದೆ ಅವರು ಆತ್ಮಕಥನಗಳನ್ನು ಇಂಗ್ಲಿಷಿನಲ್ಲಿ ಬರೆದುದನ್ನು ವ್ರತಭಂಗವೆಂದು ಆಕ್ಷೇಪಿಸುವವರಿದ್ದಾರೆ. ಅದು ಸಣ್ಣ ಮಾತು. 2004ರಿಂದ ಗಿಕುಯುವಿನಲ್ಲಿ ಬಂದು, 2006ರಲ್ಲಿ ‘ವಿಝರ್ಡ್ ಆಫ್ ದ ಕ್ರೋ’ ಎಂದು ಅವರಿಂದಲೇ ಇಂಗ್ಲಿಷಿಗೆ ಅನುವಾದಗೊಂಡ ಬೃಹತ್ಕಾದಂಬರಿಯಲ್ಲಿ ಸರ್ವಾಧಿಕಾರಿಯ ವಿಡಂಬನೆಯು ಎಷ್ಟೋ ಕಡೆ ನಿಲ್ಲಬೇಕಾದಲ್ಲಿ ನಿಲ್ಲದೆ ಹಬ್ಬುತ್ತದೆ. ಅಮೆರಿಕದಲ್ಲಿ ಕುಳಿತು ಗಿಕುಯುವಿನಲ್ಲಿ ಬರೆಯುವವರಿಗೆ ಭಾಷೆ ಉಳಿದಿತ್ತು. ಹಿರಿಯನು ಹೀಗೆ ಮಾತನಾಡನೆಂದು ತಡೆದು ಹೇಳುವ ಲಿಮುರುವಿನ ಮುದುಕರು ಎದುರಿಗಿರಲಿಲ್ಲ.